ಒದ್ದೆ ಬೆರಳಿಗೊಂದು ಗುಂಡಿ

ಪ್ರಾಂಶುಪಾಲರಿಗೆ ಬೇಕಾದದ್ದು
ತೆರೆದ ಕೂಡಲೆ ಅವರ ಫೋಟೋ,
ಅದರ ಹಿಂದೆ ಹುಟ್ಟುವ ಸೂರ್ಯ,
ಕೆಳಗೆ ಎಡಕ್ಕೆ ಓಡುವ ಕೆಂಪಕ್ಷರ,
ಮೂಲೆಯಲ್ಲಿ ಬುಗುರಿಯಂತೆ ತಿರುಗುವ ಲಾಂಛನ.
'ಹುಡುಗರಿಗೆ ಅಟ್ರಾಕ್ಷನ್ ಬೇಕಲ್ರೀ' ಎಂದರು.
ನಾನು ಅತಿಥಿ ಉಪನ್ಯಾಸಕ.
ಅತಿಥಿಯಾದವನು ಸಾರಿಗೆ ಉಪ್ಪು ಕಡಿಮೆ ಅನ್ನಬಾರದು.
ಸೂರ್ಯನನ್ನು ಹುಟ್ಟಿಸಿದೆ.

ಶಿಡ್ಲಘಟ್ಟದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ
ಇಪ್ಪತ್ತು ಕಂಪ್ಯೂಟರು, ಏಳಕ್ಕೆ ಜೀವ.
ಏಳರಲ್ಲೂ ಸೂರ್ಯ ಚೆನ್ನಾಗಿಯೇ ಹುಟ್ಟಿದ.
ಬಣ್ಣ ಬಳಿದೆ: ನೇರಳೆ, ಗುಲಾಬಿ, ಗಿಳಿಹಸಿರು.
ಹದಿಹರೆಯಕ್ಕೆ ಇವೇ ಹಿಡಿಸುತ್ತವೆ,
ಬಂದವರನ್ನು ಹಿಡಿದಿಡಬೇಕು ಅಂತ
ಯಾವುದೋ ವೀಡಿಯೋದವನು ಹೇಳಿದ್ದ.
ವಿದ್ಯಾರ್ಥಿಗಳ ಚಿತ್ರವನ್ನೂ ಎಲ್ಲಿಂದಲೋ ತಂದು ಹಾಕಿದೆ,
ಹುಲ್ಲಿನ ಮೇಲೆ ಕೂತು ಲ್ಯಾಪ್‌ಟಾಪು ನೋಡಿ ನಗುವವರು.
ನಮ್ಮ ಕಾಲೇಜಿನಲ್ಲಿ ಹುಲ್ಲಿಲ್ಲ.

ಎರಡನೇ ಬಿ.ಕಾಂ.ನ ನೂರ್‌ಸಬಾ
ಲ್ಯಾಬಿನ ಬಾಗಿಲಲ್ಲಿ ನಿಂತು ಫೋನು ಚಾಚಿದಳು.
ಗಾಜು ಮೂಲೆಯಿಂದ ಮೂಲೆಗೆ ಸೀಳಿದೆ,
ಸೀಳಿನ ಮೇಲೆ ಸೆಲ್ಲೋಟೇಪು.
'ಸಾ, ಸ್ಕಾಲರ್‌ಶಿಪ್ಪಿಗೆ ಕೊನೇ ತಾರೀಕು ಎಲ್ಲೈತೆ ಸಾ?'
'ಸೈಟಲ್ಲೇ ಇದೆಯಲ್ಲಮ್ಮ.'
'ನಿನ್ನೆ ರಾತ್ರಿಯಿಂದ ಸೂರ್ಯ ಹುಟ್ತಾನೇ ಅವ್ನೆ ಸಾ.
ಇದ್ದ ಡಾಟಾ ಎಲ್ಲಾ ಅವನೇ ಕುಡಿದ.'

ಮೆನುವಿನ ಮೇಲೆ ಬೆರಳಿಟ್ಟಳು. ಪರದೆ ಅಲುಗಲಿಲ್ಲ.
ದುಪಟ್ಟಾದ ಅಂಚಿಗೆ ಒರೆಸಿ ಇನ್ನೊಮ್ಮೆ.
ಆಗ ಕಂಡೆ:
ತುದಿಯೆಲ್ಲ ಬೆಳ್ಳಗೆ ಬೆಂದು, ಸುಕ್ಕಿ,
ಗೆರೆಗಳು ತೇದುಹೋದ ಬೆರಳು.
ನಸುಕಿಗೇ ಎದ್ದು ಮೂರು ಗಂಟೆ
ಬಿಸಿನೀರ ಬಾಣಲೆಯಲ್ಲಿ ಗೂಡು ಆಡಿಸಿ
ಚರಕದ ತಾಯಿಗೆ ಎಳೆ ಕೊಟ್ಟು ಬಂದ ಬೆರಳು.
'ಆಧಾರ್ ಮಿಷನ್ನೂ ನನ್ನ ಗುರ್ತು ಹಿಡಿಯಲ್ಲ ಸಾ'
ಅಂತ ನಕ್ಕಳು, ಹುಲ್ಲಿಲ್ಲದೆ.

ನನ್ನ ಗುಂಡಿಗಳು ಕಡಲೆಕಾಳಿನಷ್ಟಿದ್ದವು,
ಒಂದಕ್ಕೊಂದು ಅಂಟಿಕೊಂಡು.
ನನ್ನ ಬೆರಳಿಗೆ ಅಷ್ಟು ಸಾಕಾಗಿತ್ತು.
ಅದು ಸೀಮೆಸುಣ್ಣಕ್ಕಿಂತ ಬಿಸಿಯಾದದ್ದನ್ನು ಮುಟ್ಟಿದ್ದಲ್ಲ.

'ನೀನಾಗಿದ್ರೆ ಹೆಂಗೆ ಮಾಡ್ತಿದ್ದೆ?'
ಕೇಳಿದೆ, ಸ್ವಲ್ಪ ಉರಿದುಕೊಂಡೇ.
ಅವಳು ಯೋಚಿಸಲಿಲ್ಲ.
'ಗೂಡಿಗೊಂದು ತುದಿ ಅಂತ ಇರ್ತೈತೆ ಸಾ.
ಕಡ್ಡಿಯಲ್ಲಿ ಸವರಿದ್ರೆ ಮೊದಲು ಜಾಳು ಬರ್ತೈತೆ,
ಅದನ್ನ ಕಿತ್ತಾಕಬೇಕು. ಆಮೇಲೆ ತುದಿ.
ಸಿಕ್ತು ಅಂದ್ರೆ ಮಿಕ್ಕಿದ್ದು ತಾನೇ ಬಿಚ್ಕೊಂತೈತೆ.
ನಿಮ್ಮದ್ರಲ್ಲಿ ಬರೀ ಜಾಳು.'

ವಾರವಿಡೀ ಕಿತ್ತೆ.
ಸೂರ್ಯ ಮುಳುಗಿದ. ಲಾಂಛನ ತಿರುಗಾಟ ಬಿಟ್ಟು ಕೂತಿತು.
ತರಗತಿಗಳಿಗೆ ಹೋಗಿ ಏನು ಬೇಕೆಂದು ಕೇಳಿದೆ.
ದಿಬ್ಬೂರಹಳ್ಳಿ ಕಡೆಯವರು ಬಸ್ಸಿನ ಟೈಮು ಅಂದರು.
ಕೊನೇ ಬೆಂಚಿನ ಪಿಳ್ಳಾಂಜಿನಪ್ಪ
'ಇಂಟರ್ನಲ್ಸ್ ಮಾರ್ಕು, ಅಪ್ಪನಿಗೆ ಕಾಣದಂಗೆ' ಅಂದ.
ಎಲ್ಲ ಹೋದ ಮೇಲೆ ಒಬ್ಬಳು ಹಿಂದುಳಿದು,
'ಕಂಪ್ಲೇಂಟು ಬರೆಯೋಕೊಂದು ಜಾಗ ಸಾರ್.
ಹೆಸರು ಕೇಳಬಾರದು' ಅಂದಳು.
ಯಾಕೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತೋ ಏನೋ.
ಬಣ್ಣದ ಮಾತು ಯಾರೂ ಎತ್ತಲಿಲ್ಲ.

ಈಗ ತೆರೆದರೆ ಬಿಳಿ.
ಬಿಸ್ಕತ್ತಿನಷ್ಟು ಅಗಲದ ನಾಲ್ಕು ಗುಂಡಿ, ಕನ್ನಡದಲ್ಲಿ:
ಕೊನೇ ತಾರೀಕು. ಮಾರ್ಕು. ಬಸ್ಸು. ಹೇಳಬೇಕಾದ್ದು.
ಪ್ರಾಂಶುಪಾಲರು 'ನಮ್ಮ ಬಗ್ಗೆ'ಯ ಒಳಗೆ ಸುಖವಾಗಿದ್ದಾರೆ.
ಒಮ್ಮೆ ನೋಡಿ, 'ಮದುವೆ ಮುಗಿದ ಛತ್ರದ ಥರ ಇದೆಯಲ್ರೀ' ಅಂದರು.
ಹೌದು ಸರ್ ಅಂದೆ.
ಮೂರು ತಿಂಗಳ ಸಂಬಳ ಅವರ ಸಹಿಗೆ ಕಾಯುತ್ತಿತ್ತು.

ನಿನ್ನೆ ಯಾರು ಯಾರು ಬಂದಿದ್ದರೆಂದು ಲೆಕ್ಕ ತೆಗೆದೆ.
ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಯಾರೋ ಬಂದಿದ್ದಾರೆ,
ಕೊನೇ ತಾರೀಕು ಒತ್ತಿದ್ದಾರೆ,
ಹನ್ನೊಂದು ಸೆಕೆಂಡು ಇದ್ದು ಹೋಗಿದ್ದಾರೆ.
ಹಿಡಿದಿಡಬೇಕೆಂದಿದ್ದ ವೀಡಿಯೋದವನು ಕೇಳಿದರೆ ಅತ್ತಾನು.
ಒಂದೇ ಸಲಕ್ಕೆ ಒತ್ತಿದ್ದಾರೆ.
ನೀರು ಆಗಿನ್ನೂ ಕಾಯುತ್ತಿತ್ತೋ,
ಇಲ್ಲಾ ಬೆರಳು ಆಗಲೇ ಒದ್ದೆಯಿತ್ತೋ.