ಕಿಸೆಗೆ ಹಿಡಿಸುವಷ್ಟು

ನೆರೇಯೊ ಮೇಜಿನ ಮೇಲೆ ಮೂರು ಪ್ರೀಆಂಪ್ ಸಾಲಾಗಿಟ್ಟ.
ಹೊರಗೆ ತ್ರಿಯೆಸ್ತೆಯ ಬೋರಾ ಗಾಳಿ
ಬೀದಿಯ ಛತ್ರಿಗಳ ಬೆನ್ನು ಮುರಿದು
ಕಸದ ತೊಟ್ಟಿಗೆ ತುಂಬುತ್ತಿತ್ತು.
"ಬಾಗಿಲು ಹಾಕು ಒಂದೀನಾ,
ನೀನು ಕೊಳ್ಳಲು ಬಂದದ್ದು ನಿಶ್ಶಬ್ದ,
ಗಾಳಿಯಲ್ಲಿ ಅದನ್ನು ತೂಗಲಾಗದು."

ಮೊದಲನೆಯದು ಸೋಪಿನ ಪೆಟ್ಟಿಗೆಯಷ್ಟು.
ಸ್ವರ ಜೇನು, ನಿಜ. ಆದರೆ ಕೋಟಿನೊಳಗಿಟ್ಟರೆ
ಈ ಐವತ್ತೆಂಟರಲ್ಲಿ ಬಸುರಿಯಂತೆ ಕಾಣುತ್ತೇನೆ.
ಬಾಗಿಲಲ್ಲಿ ನಿಲ್ಲುವ ಆ ದಾಂಡಿಗ
ಶುಭಾಶಯ ಹೇಳದೆ ಬಿಟ್ಟಾನೆಯೆ?

ಎರಡನೆಯದು ಬೆಂಕಿಪೊಟ್ಟಣ. ಅಗ್ಗ, ಹಗುರ.
ಆನ್ ಮಾಡಿದೊಡನೆ ನೀಲಿ ದೀಪವೊಂದು
ಇಡೀ ಕತ್ತಲಿಗೆ ಚಾಡಿ ಹೇಳುತ್ತದೆ.
ಇರಲಿ, ಟೇಪು ಅಂಟಿಸಿದರಾಯಿತು.
ಆದರೆ ಒಳಗಿನ ಆ ಸುಸ್ಸ್...
ಪಕ್ಕದ ಮನೆಯಲ್ಲಿ ಯಾರೋ
ಮುಗಿಯದ ಹಾಗೆ ಮೀನು ಹುರಿಯುತ್ತಿದ್ದಾರೆ.

"ಹಾಡು ಜೋರಾದರೆ ಅದು ಕೇಳಿಸದು" ಅಂದ.
ಜೋರಾದದ್ದನ್ನು ಹಿಡಿಯಲು ನಾನೇಕೆ ಹೋಗಲಿ ನೆರೇಯೊ,
ಅದು ಬೀದಿಯಲ್ಲಿ ನಿಂತವರಿಗೂ ಸಿಗುತ್ತದೆ.
ಕೊನೆಯ ಸ್ವರ ಆರಿ, ಮೊದಲ ಚಪ್ಪಾಳೆ ಹುಟ್ಟುವ ಮುನ್ನ
ಇಡೀ ಸಭೆ ಒಂದೇ ಮೈಯಾಗಿರುತ್ತದಲ್ಲ,
ಆ ಒಂದೂವರೆ ಸೆಕೆಂಡು.
ಅದರಲ್ಲಿ ಮೀನು ಹುರಿಯುವುದು ಬೇಡ.

ಮೂರನೆಯದು ಅವನೇ ಕಟ್ಟಿದ್ದು.
ಒರಟು ಅಲ್ಯೂಮಿನಿಯಂ, ಮೂಲೆಯಲ್ಲಿ ಅರದ ಗೀರು.
ದೀಪವಿಲ್ಲ. ಒಂದೇ ಗುಂಡಿ, ಅದಕ್ಕೆ ಮೂರು ಮೆಟ್ಟಿಲು:
ಪಿಸುಮಾತು, ಮಾತು, ಕೂಗು.
ಕಿಸೆಯ ಕತ್ತಲಲ್ಲಿ ಹೆಬ್ಬೆರಳು ಓದುವ ಲಿಪಿ.
ತಳದ ಗುಡುಗುಡು ಕತ್ತರಿಸಲು ಬದಿಗೊಂದು ಸ್ವಿಚ್ಚು.
"ಡ್ರಮ್ಮಿನವನು ಕುಡಿದು ಬಂದಿದ್ದರೆ ಹಾಕು."

ಒಂಬತ್ತು ವೋಲ್ಟಿನ ಬ್ಯಾಟರಿಯನ್ನು
ನಾಲಿಗೆಗೆ ತಾಗಿಸಿ ನೋಡಿದೆ.
ಚುರ್ರೆಂದಿತು. ಜೀವವಿದೆ.
ಕನ್ನಡಕದ ಕಡ್ಡಿಗಳಿಗೆ ಅಂಟಿಸಿದ
ಮೆಂತ್ಯದ ಕಾಳಿನಂಥ ಎರಡು ಮೈಕು ಜೋಡಿಸಿ
ಹೆಡ್‌ಫೋನು ಹಾಕಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.
ಏನೂ ಇಲ್ಲ.
ಆ ಏನೂ ಇಲ್ಲದರೊಳಗೆ, ಎಲ್ಲೋ,
ಒಂದು ಇರುವೆ ಸುತ್ತಿಗೆ ಹೊಡೆಯುತ್ತಿತ್ತು.
"ಅದು ನಿನ್ನ ಕೈಗಡಿಯಾರ" ಅಂದ ನೆರೇಯೊ,
ತನ್ನ ಮಗು ಮೊದಲ ಮಾತಾಡಿದವನ ಹಾಗೆ.

ಕಾಫಿ ಗೋದಾಮಿನ ಎರಡು ತಿಂಗಳ ರಾತ್ರಿಪಾಳಿಯನ್ನು
ಅವನ ಅಂಗೈಗೆ ಎಣಿಸಿದೆ. ಚೌಕಾಸಿ ಮಾಡಲಿಲ್ಲ.
ಗಡಿಯಾರ ಬಿಚ್ಚಿ ಮೇಜಿನ ಮೇಲೇ ಬಿಟ್ಟೆ.

ಶನಿವಾರ, ದೋಣಿ ಕಟ್ಟುವವರ ಹಳೆಯ ನೆಲಮಾಳಿಗೆ,
ನೂರಿಪ್ಪತ್ತು ಕುರ್ಚಿ, ಅಕಾರ್ಡಿಯನ್ ಹೊತ್ತ ಮುದುಕಿ.
ಒಂದು ಹಾಡನ್ನೂ ಎರಡು ಸಲ ಒಂದೇ ಥರ ನುಡಿಸಿದವಳಲ್ಲ,
ಒಂದು ಸಿ.ಡಿ.ಯನ್ನೂ ಜಗತ್ತಿಗೆ ಕೊಟ್ಟವಳಲ್ಲ.
ಕದ್ದೆನೆ? ಕದ್ದೆ.
ಅವಳದ್ದೇನೂ ಕಡಿಮೆಯಾಗಲಿಲ್ಲ ಅನ್ನಬಹುದು,
ಕಳ್ಳರೆಲ್ಲ ಅನ್ನುವುದೂ ಅದನ್ನೇ.

ತಲೆ ಆಡಿಸಲಿಲ್ಲ. ನನ್ನ ತಲೆ ವಾಲಿದರೆ
ಸಭೆಯೇ ವಾಲುತ್ತದೆ,
ಎಡದ ಅಕಾರ್ಡಿಯನ್ ಬಲದ ಗೋಡೆಗೆ ಜಾರುತ್ತದೆ.
ಉಗುಳು ನುಂಗಲಿಲ್ಲ. ಕಾಲು ತಾಳಕ್ಕೆ ಹಂಬಲಿಸಿದಾಗ
ಇನ್ನೊಂದು ಕಾಲಿನಿಂದ ಅದನ್ನು ತುಳಿದು ಹಿಡಿದೆ.
ಪಕ್ಕದವನ ಕಣ್ಣು ಒದ್ದೆಯಾಗಿತ್ತು.
ನನ್ನನ್ನೊಮ್ಮೆ ನೋಡಿ, ಎಂಥ ಕಲ್ಲು ಇವಳು ಎಂಬಂತೆ
ಮುಖ ತಿರುಗಿಸಿದ.
ಎಷ್ಟು ಹೊತ್ತಾಯಿತೋ, ಗಡಿಯಾರವಿರಲಿಲ್ಲ.

ಭಾನುವಾರ ನೆರೇಯೊ ಕಣ್ಣು ಮುಚ್ಚಿ ಕೇಳಿದ.
ಆ ಒಂದೂವರೆ ಸೆಕೆಂಡು ಬಂತು,
ತೊಳೆದ ಗಾಜಿನ ಹಾಗೆ.
ಆಮೇಲೆ ಚಪ್ಪಾಳೆ, ಹಿಂದೆ, ಮುಂದೆ, ಎರಡೂ ಬದಿ.
"ತಡಿ" ಎಂದು ಗಾಳಿಯಲ್ಲಿ ಬೆರಳಿಟ್ಟ.
"ಇಲ್ಲೊಂದು ತೂತಿದೆ. ಸರಿಯಾಗಿ ನಡುವೆ.
ಎರಡು ಅಂಗೈ ಅಗಲ."

ತನ್ನ ಡಬ್ಬಿಯ ದೋಷವೆಂದುಕೊಂಡು
ಸ್ಕ್ರೂಡ್ರೈವರ್ ಎತ್ತಿಕೊಂಡ.
ಬಿಚ್ಚಬೇಡ, ಅಂದೆ,
ಕೈಗಳನ್ನು ಕೋಟಿನ ಕಿಸೆಗೆ ಸೇರಿಸುತ್ತ.