ಎಂಬತ್ತೈದು, ಎಂಬತ್ತೇಳು, ತೊಂಬತ್ತೊಂದು

(ಕೊಲರಾಡೊ, ಹತ್ತು ಸಾವಿರ ಅಡಿ ಎತ್ತರ. ಪೆಟ್ರೋಲ್ ಬಂಕಿನ ಒಫೀಲಿಯಾ ಆರ್ಚುಲೆಟಾ ಹೇಳಿದ್ದು)

ನಿಲ್ಲು, ಒತ್ತಬೇಡ. ಎಡಗಡೆ ಗುಂಡಿಯಿಂದ ಬೆರಳು ತೆಗೆ.
ಕಾನ್ಸಸ್ ನಂಬರು, ಟರ್ಬೊ ಕಾರು,
ಚಕ್ರಕ್ಕೆ ಮೆತ್ತಿದ ಬಯಲ ಕೆಸರು ಇನ್ನೂ ಆರಿಲ್ಲ.
ಅಗ್ಗ ಅಂತ ಎಂಬತ್ತೈದಕ್ಕೆ ಕೈ ಹಾಕಿದೆಯಲ್ಲ,
ಗಾಜಿನೊಳಗಿಂದಲೇ ಕಂಡೆ, ಓಡಿ ಬಂದೆ,
ಕೋಟು ಕೂಡ ಹಾಕದೆ.

ಎಲ್ಲರದೂ ಒಂದೇ ಪ್ರಶ್ನೆ: ಯಾವುದರಲ್ಲಿ ಬಲ ಜಾಸ್ತಿ?
ಬಲದ ಅಂಕಿಯಲ್ಲಪ್ಪ ಇದು, ತಾಳ್ಮೆಯದು.
ಪಿಸ್ಟನ್ನು ಮೇಲೇರಿ ಗಾಳಿಯನ್ನೂ ಹನಿಯನ್ನೂ
ಮೂಲೆಗೆ ಒತ್ತಿ ಒತ್ತಿ ಹಿಂಡುವಾಗ
ಬೆಂಕಿ ತನ್ನ ಬಳಿಗೆ ಬರುವ ತನಕ
ತಡೆದುಕೊಂಡಿರಬೇಕು ಪೆಟ್ರೋಲು.
ತಡೆಯದ್ದು ತಾನೇ ಉರಿದುಬೀಳುತ್ತೆ.
ಒಂದೇ ಕೋಣೆಯಲ್ಲಿ ಎರಡು ಬೆಂಕಿ.
ತಗಡಿನ ಡಬ್ಬಿಯಲ್ಲಿ ಗೋಲಿ ಕುಲುಕಿದ ಸದ್ದು
ಕೇಳಿದ್ದೀಯಾ, ಏರು ಹತ್ತುವಾಗ?
ಅದೇ.

ನನ್ನ ಗಂಡ ಡೆಲ್ಫೀನೊ ಆ ಜಾತಿ.
ಮಾಲಿಬ್ಡಿನಂ ಗಣಿಯಲ್ಲಿ ಇಪ್ಪತ್ತಾರು ವರ್ಷ,
ನಾನು ಬಾಯಿ ತೆರೆಯುವುದರೊಳಗೆ ಟೋಪಿ ನೆಲಕ್ಕೆ.
ಅವನದೊಂದು ಹಳೇ ಫೋರ್ಡ್ ಪಿಕಪ್, ಕಾರ್ಬ್ಯುರೇಟರಿನದು,
ಅದಕ್ಕೆ ಎಂಬತ್ತೈದೇ ಹಾಕುತ್ತಿದ್ದ, ಸರಿಯಾಗಿಯೇ ಇತ್ತು:
ಇಲ್ಲಿ ಗಾಳಿ ತೆಳು, ನಮಗೂ ಉಸಿರು ಕಮ್ಮಿ, ಸಿಲಿಂಡರಿಗೂ ಕಮ್ಮಿ,
ಹಿಂಡಲು ಹೆಚ್ಚೇನೂ ಸಿಗುವುದಿಲ್ಲ.
ಕೆಳಗೆ ಪ್ಯೂಬ್ಲೊಗೆ, ಅವನಣ್ಣನ ಮನೆಗೆ ಇಳಿದರೆ ಮಾತ್ರ
ಇಬ್ಬರೂ ಬಡಿದುಕೊಳ್ಳಲು ಶುರು,
ಎಂಜಿನ್ನೂ ಅವನೂ.

ನಿನ್ನದು ತಾನೇ ಗಾಳಿ ತುರುಕಿಕೊಳ್ಳುವ ಕಾರು.
ಬೆಟ್ಟದ ರಿಯಾಯಿತಿ ಅದಕ್ಕಿಲ್ಲ.
ಗೊತ್ತು, ಗೊತ್ತು, ಒಳಗೆ ಕಂಪ್ಯೂಟರಿದೆ,
ಗೋಲಿ ಸದ್ದು ಕೇಳಿಸಿಕೊಂಡು ಕಿಡಿಯನ್ನು ತುಸು ಹಿಂದಕ್ಕೆ ಸರಿಸುತ್ತೆ.
ನಾನೂ ಮೂವತ್ತೊಂದು ವರ್ಷ ಸರಿಸಿದೆ.
ಮೈಲೇಜು ಎಷ್ಟು ಬಿತ್ತು ಅಂತ ನನ್ನ ಕೇಳು.

ಹಾಗಂತ ತೊಂಬತ್ತೊಂದೇ ಹಾಕು ಅಂದೆನೆ? ಇಲ್ಲ.
ಅಂಚೆ ಕಚೇರಿಯ ಮಿಸೆಸ್ ಹಾಲ್ವರ್ಸನ್ನಳ ಕೊರೊಲಾ
ಎಂಬತ್ತೇಳಕ್ಕೆ ಹುಟ್ಟಿದ್ದು. ಅವಳೋ ಪ್ರತಿ ಶುಕ್ರವಾರ
ತೊಂಬತ್ತೊಂದು ಕುಡಿಸುತ್ತಾಳೆ, ಪ್ರೀತಿಗೆ.
ಹಸುವಿನಂಥವಳಿಗೆ ಇನ್ನಷ್ಟು ಸಹನೆ ಕಲಿಸಿದ ಹಾಗೆ.
ಕಾರಿಗೂ ತಿಳಿಯದು, ರಸ್ತೆಗೂ ತಿಳಿಯದು,
ತಿಳಿಯುವುದು ನನ್ನ ಗಲ್ಲಾಪೆಟ್ಟಿಗೆಗೆ ಮಾತ್ರ.
ಎಷ್ಟು ಸಲ ಹೇಳಿದೆ. ನಗುತ್ತಾಳೆ.

ಬಾ ಇಲ್ಲಿ, ಬಗ್ಗಿ ನೋಡು.
ಕಾರಿನ ಹಣೆಬರಹ ಹಣೆಯಲ್ಲಿಲ್ಲ,
ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿದೆ.
ಉಪ್ಪು ತಿಂದು ಮಸುಕಾಗಿದೆ, ಬೆರಳಿಂದ ಉಜ್ಜು.
ಹೂಂ, ತೊಂಬತ್ತೊಂದು. ನಾನಂದದ್ದಲ್ಲ, ಕಟ್ಟಿದವರೇ ಅಂದದ್ದು.
ನನ್ನ ಮಾತು ಬಿಡು, ಅವರ ಮಾತು ಕೇಳು.

ತಾಳಿದವನು ಬಾಳಿಯಾನು ಅಂತಾರಲ್ಲ,
ತಾಳಿದ್ದು ನಾನು. ಬಾಳಿದೆನೋ ಗೊತ್ತಿಲ್ಲ. ಇದ್ದೇನೆ.
ಪಿಕಪ್ಪೂ ಇದೆ, ಷೆಡ್ಡಿನ ಹಿಂದೆ, ಅರ್ಧ ಹಿಮದಲ್ಲಿ.
ನವೆಂಬರ್ ಎರಡು, ಸತ್ತವರ ದಿನ,
ಅದಕ್ಕೆ ಐದು ಡಾಲರಿನ ತೊಂಬತ್ತೊಂದು ಹಾಕಿ
ಹತ್ತು ನಿಮಿಷ ಚಾಲೂ ಮಾಡಿ ಕೂರುತ್ತೇನೆ.
ಲೆಕ್ಕದಲ್ಲಿ ದಂಡ. ಅದಕ್ಕೆ ಬೇಕಿಲ್ಲ.
ಮಿಸೆಸ್ ಹಾಲ್ವರ್ಸನ್ ನೋಡಿಬಿಟ್ಟಾಳೆಂದು
ಬಂಕಿನ ದೀಪ ಆರಿಸಿರುತ್ತೇನೆ.

ತುಂಬಿತು, ಕ್ಲಿಕ್ ಅಂತು, ಮೇಲೆ ಹಿಂಡಬೇಡ.
ಒಳಗೆ ಬಾ, ಚಿಲ್ಲರೆ ಕೊಡುತ್ತೇನೆ, ಕಾಫಿ ಹಳೇದು ಆದರೂ ಬಿಸಿ.
ಬಾಗಿಲು ಜೋರಾಗಿ ಎಳೆದುಕೋ,
ಅದು ತಾನಾಗಿ ಮುಚ್ಚುವುದಿಲ್ಲ.