ಆರು ಜೇಬು ಕಮ್ಮಿ

ತಿಪ್ಪೇರುದ್ರ ಮೇಷ್ಟ್ರು ಹೇಳಿ ಕಳಿಸ್ಯಾರ:
ದಿನಾ ಮನ್ಯಾಗ ಹತ್ತು ನಿಮಿಷ ಓದಸ್ರಿ,
ನೀವು ಜೊತಿಗೆ ಕುಂತು ಕೇಳ್ರಿ.
ಕುಂತೇ ಇರತೀನಿ ಸಾರ್,
ಬೆಳಿಗ್ಗಿಂದ ರಾತ್ರಿ ತನಕ, ಮಷೀನಿನ ಮುಂದ.
ಕೇಳೋದೊಂದು ಆಗಂಗಿಲ್ಲ.

ಕೌಲ್ ಬಜಾರಿನ ನಮ್ಮ ಓಣ್ಯಾಗ
ಮನಿಗೊಂದು ಮಷೀನು, ಮನಿಗೊಂದು ಗುಡ್ಡ ಜೀನ್ಸು.
ನನ್ನ ಪಾಲಿಗೆ ಬರೋದು ಹಿಂದಿನ ಜೇಬು.
ಯಾವ ಊರಿಗೆ ಹೋಗತೈತೋ ಪ್ಯಾಂಟು,
ಅದರಾಗ ಯಾರ ಕೈ ಇರತೈತೋ.
ನಾ ಓದೋದು ಅಂದರ ಸೈಜಿನ ಚೀಟಿ:
ಮೂವತ್ತು, ಮೂವತ್ತೆರಡು, ಮೂವತ್ನಾಕು.

ಹೊನ್ನೂರಿ ಎರಡನೇ ಕ್ಲಾಸು.
ಬಂಡಲ್ಲಿನ ಮ್ಯಾಲ ಹತ್ತಿ ಕುಂತು
ಸೂಜಿ ಹತ್ರದ ಬಲ್ಬಿಗೆ ಪುಸ್ತಕ ಹಿಡೀತಾಳ.
ಮಷೀನಿಗಿಂತ ಜೋರಾಗಿ ಓದಬೇಕಲ್ಲ,
ಕೊರಳ ನರ ಎದ್ದು ಕಾಣತಾವ.
ನಾನು ಆಕಿ ತುಟಿ ನೋಡಿ
ನಿಂತಾಗೊಮ್ಮೆ "ಹ್ಞೂಂ" ಅಂತೀನಿ,
ಚಿತ್ರ ತೋರಿಸಿದರ ನಗತೀನಿ.
ನನ್ನ ಬೆರಳಿನ ನೀಲಿ ಹತ್ತಿ
ಪುಸ್ತಕದ ಮೂಲಿಯೆಲ್ಲಾ ಆಕಾಶ.
ಆರು ತಿಂಗಳಾತು,
ಒಂದು ಕಥಿನೂ ನನಗ ಗೊತ್ತಿಲ್ಲ.
ಇದನ್ನ ಆಕಿಗೆ ಹೇಳಿಲ್ಲ.

ನಿನ್ನೆ ರಾತ್ರಿ ಕರೆಂಟ್ ಹೋತು.
ಓಣಿ ಮಷೀನೆಲ್ಲಾ ಒಮ್ಮೆಲೆ ಗಪ್ಪು.
ಕತ್ತಲ್ಯಾಗ ಆಕಿ ದನಿ ಒಂದೇ,
ಇಳಿಸೋದು ಮರತು, ಅದೇ ಎತ್ತರದಾಗ:
"ಕರಡಿ ಹತ್ರ ಜೇಬೇ ಇರಲಿಲ್ಲ!"

ನಾಚಿ ನಿಂತುಬಿಟ್ಟಳು.

ಗ್ವಾಡಿ ಆಚಿಂದ ಖಾಜಾಬಿ ಕೆಮ್ಮಿ ಕೇಳಿದಳು:
"ಆಮ್ಯಾಲ ಏನಾತವ್ವ ಕರಡೀದು?"

ಆಮ್ಯಾಲ ಅದು ಹಳ್ಳ ದಾಟಿತು.
ಮರಿಗೆ ಒಯ್ಯೋ ಸೀತಾಫಲ ಬಾಯಾಗಿತ್ತು.
ಯಾರು ಕರೆದರೂ ಓ ಅನ್ನಂಗಿಲ್ಲ,
ಬಾಯಿ ತೆರೆದರ ಹಣ್ಣು ಬೀಳತೈತಿ.
ಅಡವಿಯೆಲ್ಲಾ ಅದನ್ನ ಸೊಕ್ಕಿನ ಕರಡಿ ಅಂತು.
"ಅಯ್ಯ ಪಾಪ," ಅಂದಳು ಖಾಜಾಬಿ.
ಎದುರು ಮನಿ ಕಟ್ಟಿ ಮ್ಯಾಲಿಂದ ಇನ್ಯಾರೋ ಲೊಚಗುಟ್ಟಿದರು.

ಪುಸ್ತಕ ಮುಚ್ಚಿತ್ತು. ನನಗ ಗೊತ್ತು,
ಆಕಿ ಎರಡೂ ಕೈ ನನ್ನ ತೊಡಿ ಮ್ಯಾಲಿದ್ದವು.
ಪುಸ್ತಕದ್ದು ಎಲ್ಲಿ ಮುಗೀತು,
ಆಕಿದು ಎಲ್ಲಿ ಶುರುವಾತು,
ನಾ ಕೇಳಲಿಲ್ಲ.

ಕರೆಂಟ್ ಬಂತು.
ಮಷೀನು ಒಂದೊಂದೇ ಕೂಗಾಕ ಹತ್ತಿದವು.
ನನ್ನ ಕಾಲು ಪೆಡಲ್ ಮ್ಯಾಲೇ ಇತ್ತು, ಒತ್ತಲಿಲ್ಲ.
"ಹ್ಞೂಂ," ಅಂದೆ,
ಈ ಸಲ ಕೇಳಿಸಿಕೊಂಡು.

ಇನ್ನೇನು ಬಂಡಲ್ ಒಯ್ಯೋ ಹುಡುಗ ಬರತಾನ, ಎಣಸತಾನ.
ಆರು ಜೇಬು ಕಮ್ಮಿ.
ಕೇಳಿದರ ಹೇಳತೀನಿ:
ಕರಡಿ ಒಯ್ತಪ್ಪ.